ಒಡವೆ ಅಂದರೆ ಬರೀ ಚಿನ್ನವೇ?

ಪ್ರಶ್ನೆ: ಅಲ್ಲಮಪ್ರಭುಗಳ ಒಂದು ವಚನದಲ್ಲಿ "ನಿನ್ನ ಒಡವೆ ಎಂಬುದು ಜ್ಞಾನರತ್ನ" ಅನ್ನುವ ಸಾಲು ಓದಿದೆ. ಇಲ್ಲಿ ಒಡವೆ ಅಂದರೆ ನಾವು ಹಾಕಿಕೊಳ್ಳುವ ಬಳೆ, ಸರವೋ, ಬೇರೆ ಏನಾದರೂ ಅರ್ಥವಿದೆಯೋ? ಒಡೆಯ ಅನ್ನುವ ಮಾತಿಗೂ ಇದಕ್ಕೂ ನಂಟಿದೆಯಾ? "ಒಡಲ ಮೇಲೆ ಇರುತ್ತೆ, ಅದಕ್ಕೇ ಒಡವೆ" ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಅದು ಸರಿಯಾ? ಇನ್ನೊಂದು, ನಮ್ಮ ಮನೆಯಲ್ಲಿ ಎಲ್ಲರೂ "ವಡವೆ" ಅಂತಲೇ ಅನ್ನುತ್ತಾರೆ. ಹಾಗೆ ಬರೆದರೆ ತಪ್ಪಾ?

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಒಡವೆ ಅನ್ನುವ ಮಾತಿಗೆ ಮೂಲದಲ್ಲಿ ಚಿನ್ನದ ಸಂಬಂಧವೇ ಇಲ್ಲ. "ತನ್ನದು" ಅಂತ ಹೇಳಿಕೊಳ್ಳಬಹುದಾದ ಯಾವುದೇ ವಸ್ತು ಒಡವೆ. ಒಡೆಯನೂ ಒಡವೆಯೂ ಒಂದೇ ಬೇರಿನವು. ನಿಮ್ಮ ಮೇಷ್ಟ್ರ ವಿವರಣೆ ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಇನ್ನು ವಡವೆಯ ವಿಚಾರ ಕೊನೆಗೆ ಬರೋಣ.

ಹಳಗನ್ನಡದಲ್ಲಿ ಈ ಮಾತಿನ ರೂಪ "ಒಡಮೆ". ಕೊನೆಯ "ಮೆ" ನೋಡಿ. ಹಿರಿಮೆ, ತಾಳ್ಮೆ, ಒಲುಮೆಗಳಲ್ಲಿ ಇರುವ ಪ್ರತ್ಯಯವೇ ಇದು. ಹಿರಿದಾಗಿರುವುದು ಹಿರಿಮೆ, ತಾಳುವುದು ತಾಳ್ಮೆ. ಹಾಗೆಯೇ ಒಡೆತನದಲ್ಲಿ ಇರುವುದು ಒಡಮೆ. ಆಮೇಲೆ ನಡುವಿನ ಮಕಾರ ವಕಾರವಾಯಿತು. ಇದು ಒಡವೆಗೆ ಮಾತ್ರ ಆದದ್ದಲ್ಲ. ತಾಮರೆ ತಾವರೆಯಾಯಿತು. ಬೆಮರು ಬೆವರಾಯಿತು. ಕಣ್ಣಿನ ಎಮೆ ಎವೆಯಾಯಿತು. ಒಡಮೆ ಒಡವೆಯಾದದ್ದು ಅದೇ ಸಾಲಿನಲ್ಲಿ.

ಪಕ್ಕದ ಮನೆಗೆ ಹೋದರೆ ಇನ್ನೂ ಸ್ಪಷ್ಟ. ತಮಿಳಿನಲ್ಲಿ ಇದು "ಉಡೈಮೈ". ಅರ್ಥ ಸ್ವತ್ತು, ಒಡೆತನ. ಮಲಯಾಳದಲ್ಲಿ "ಉಡಮ". ನಮ್ಮ ಒಡೆಯ ಅಲ್ಲಿ "ಉಡೈಯವನ್", "ಉಡೈಯಾರ್". ಶ್ರೀವೈಷ್ಣವರು ರಾಮಾನುಜಾಚಾರ್ಯರನ್ನು "ಉಡೈಯವರ್" ಅಂತ ಕರೆಯುವುದನ್ನು ಮೇಲುಕೋಟೆಯ ಕಡೆಯವರು ಕೇಳಿಯೇ ಇರುತ್ತೀರಿ. ಅದು ನಮ್ಮ ಒಡೆಯರೇ. ತುಳುವಿನಲ್ಲೂ ಒಡೆಯೆ ಇದ್ದಾನೆ, ತೆಲುಗಿನಲ್ಲಿ ಒಡಯಡು ಇದ್ದಾನೆ.

ತಮಿಳಿನ ಉಕಾರ ನಮ್ಮಲ್ಲಿ ಒಕಾರ ಆಗಿದ್ದು ಹೇಗೆ ಅಂತ ಕೇಳಬಹುದು. ಅದಕ್ಕೂ ಸಾಲು ಸಾಲು ಸಾಕ್ಷಿ ಇದೆ. ಅವರ ಕುಡೈ ನಮ್ಮ ಕೊಡೆ. ಅವರ ಪುಗೈ ನಮ್ಮ ಹೊಗೆ. ಅವರ ಉರಲ್ ನಮ್ಮ ಒರಳು. ಹಾಗಾಗಿ ಅವರ ಉಡೈಮೈ ನಮ್ಮ ಒಡಮೆ ಆಗುವುದರಲ್ಲಿ ಅಚ್ಚರಿ ಏನೂ ಇಲ್ಲ, ಆಗದೇ ಇದ್ದಿದ್ದರೆ ಅಚ್ಚರಿ ಪಡಬೇಕಿತ್ತು. ಬರೋ ಮತ್ತು ಎಮೆನೊ ಸೇರಿ ಮಾಡಿದ ದ್ರಾವಿಡ ನಿಷ್ಪತ್ತಿ ಕೋಶ (ಮೊದಲು ಬಂದದ್ದು 1961ರಲ್ಲಿ, ತಿದ್ದಿದ ಆವೃತ್ತಿ 1984ರಲ್ಲಿ) ಇವನ್ನೆಲ್ಲ ಒಂದೇ ಕಡೆ ಜೋಡಿಸಿ ಇಟ್ಟಿದೆ.

ಈ ಬೇರಿನ ಒಂದು ಸೋಜಿಗ ಹೇಳದೆ ಮುಂದೆ ಹೋಗಲಾರೆ. ತಮಿಳಿನಲ್ಲಿ "ನನ್ನ" ಅನ್ನುವುದಕ್ಕೆ "ಎನ್ನುಡೈಯ" ಅನ್ನುತ್ತಾರೆ. ಬೆಂಗಳೂರಿನಲ್ಲಿ ಇರುವವರ ಕಿವಿಗೆ ಇದು ದಿನಾ ಬೀಳುವ ಮಾತು. ಅದರ ಕೊನೆಯ "ಉಡೈಯ" ನಮ್ಮ ಒಡೆಯನ ದಾಯಾದಿ. ಮಲಯಾಳದ "ಅವಳುಡೆ", ಅಂದರೆ ಅವಳ, ಅದರಲ್ಲಿ ಇರುವ "ಉಡೆ" ಕೂಡ ಅದೇ. ಅಂದರೆ ನಮ್ಮ ನೆರೆಯವರು ಪ್ರತಿ ಸಲ "ನನ್ನ ಮನೆ", "ಅವಳ ಮಗ" ಅನ್ನುವಾಗಲೂ ಒಡವೆಯ ಬೇರನ್ನೇ ಬಳಸುತ್ತಿದ್ದಾರೆ. ಕನ್ನಡದಲ್ಲಿ ಈ ಕೆಲಸಕ್ಕೆ "ಅ" ಒಂದೇ ಸಾಕು, ನನ್ನ, ಅವಳ, ಮರದ. ಆದ್ದರಿಂದ ನಮ್ಮಲ್ಲಿ ಆ ಬೇರು ನಾಲ್ಕಾರು ಪದಗಳಲ್ಲಿ ಮಾತ್ರ ಉಳಿದಿದೆ: ಒಡೆಯ, ಒಡತಿ, ಒಡೆತನ, ಒಡವೆ. "ನನ್ನ ಬಳಿ ಇದೆ" ಅನ್ನುವ ಅರ್ಥದ ಕ್ರಿಯಾಪದ ನಮ್ಮಲ್ಲಿ ಬಳಕೆಯಲ್ಲಿಲ್ಲ. "ನನಗೆ ಇಬ್ಬರು ಮಕ್ಕಳಿದ್ದಾರೆ" ಅಂತ "ಇರು" ಹಾಕಿಯೇ ಹೇಳಬೇಕು. ಪತ್ರಿಕೆಗಳಲ್ಲಿ ಬರುವ "ಮೃತರು ಇಬ್ಬರು ಮಕ್ಕಳನ್ನು ಹೊಂದಿದ್ದರು" ಅನ್ನುವ ಕನ್ನಡದ ಬಗ್ಗೆ ಇನ್ನೊಮ್ಮೆ ಜಗಳವಾಡೋಣ.

ಈಗ ನಿಮ್ಮ ಮೇಷ್ಟ್ರ ಒಡಲು. ಒಡಲು ಅಂದರೆ ಮೈ, ತಮಿಳಿನ ಉಡಲ್. ಒಡಮೆಯ ಜೊತೆ ಇಟ್ಟರೆ ದನಿ ಹೊಂದುತ್ತದೆ ನಿಜ. ಆದರೆ ಅರ್ಥ ಹೊಂದುವುದಿಲ್ಲ. ಹಳೆಯ ಬಳಕೆಯಲ್ಲಿ ಒಡಮೆ ಅಂದರೆ ಬರೀ ಆಭರಣವಾಗಿದ್ದರೆ "ಮೈ ಮೇಲಿನದು" ಅನ್ನಬಹುದಿತ್ತು. ಮನೆಯ ಸ್ವತ್ತೆಲ್ಲ ಒಡಮೆಯೇ ಆಗಿದ್ದಾಗ ಅದನ್ನು ಮೈಗೆ ಕಟ್ಟುವುದು ಹೇಗೆ? ಜೊತೆಗೆ, ತಮಿಳು ಮಲಯಾಳಗಳ ಉಡೈಮೈ, ಉಡಮಗಳಲ್ಲಿ ಮೈಯ ಸುಳಿವೂ ಇಲ್ಲ, ಒಡೆತನ ಮಾತ್ರ ಇದೆ. ಇನ್ನು ಕೆಲವರು ಒಡನಾಟ, ಒಡಹುಟ್ಟುಗಳ "ಒಡ" ತಂದು, "ಒಡನೆ ಇರುವುದೇ ಒಡವೆ" ಅನ್ನುತ್ತಾರೆ. ಕೋಶಗಳು ಅದನ್ನು ಬೇರೆ ಬೇರು ಅಂತಲೇ ಎಣಿಸಿವೆ. ಮಡಕೆ ಒಡೆಯುವ "ಒಡೆ" ಮತ್ತೂ ಬೇರೆ. ತಮಿಳಿನಲ್ಲಂತೂ ಉಡುವ ಬಟ್ಟೆಯೂ ಉಡೈ, ಒಡೆಯುವುದೂ ಉಡೈ, ಒಡೆತನವೂ ಉಡೈ. ದನಿ ಒಂದೇ ಅಂತ ನಂಟು ಕಟ್ಟಲು ಹೊರಟರೆ ಇಲ್ಲಿ ಗೊಂದಲವೋ ಗೊಂದಲ.

ಹಾಗಾದರೆ ಮೈ ಮೇಲಿನ ಆಭರಣಕ್ಕೆ ಹಳೆಯವರು ಏನನ್ನುತ್ತಿದ್ದರು? ತೊಡವು, ತೊಡಿಗೆ, ತುಡುಗೆ. ತೊಡುವುದರಿಂದ ತೊಡವು. ಉಡುವುದು ಉಡುಗೆ, ತೊಡುವುದು ತೊಡುಗೆ. ಈಗ ನಾವು "ಉಡುಗೆ ತೊಡುಗೆ" ಅಂತ ಒಟ್ಟಿಗೆ ಹೇಳಿ ಎರಡನ್ನೂ ಬಟ್ಟೆಯ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಆದರೆ ಆ ಜೋಡಿಯ ಎರಡನೆಯ ಮಾತು ಮೊದಲು ಆಭರಣದ್ದು. ಅದಕ್ಕೇ ಹೇಳಿದ್ದು, ಆಭರಣ ಅನ್ನಲು ತೊಡವು ಇದ್ದಾಗ ಒಡಮೆ ಆ ಕೆಲಸಕ್ಕೆ ಸೀಮಿತವಾಗಿರಬೇಕಾದ ಅಗತ್ಯವೇ ಇರಲಿಲ್ಲ.

ಈಗ ವಚನಕ್ಕೆ ಬರೋಣ. ಆ ವಚನ ಹೇಗೆ ಶುರುವಾಗುತ್ತದೆ ನೋಡಿ: "ಭೂಮಿ ನಿನ್ನದಲ್ಲ, ಹೇಮ ನಿನ್ನದಲ್ಲ, ಕಾಮಿನಿ ನಿನ್ನವಳಲ್ಲ." ಮೂರು ಸಲ ಒಂದೇ ಏಟು, ನಿನ್ನದಲ್ಲ, ನಿನ್ನದಲ್ಲ, ನಿನ್ನವಳಲ್ಲ. ಅದಾದ ಮೇಲೆ "ನಿನ್ನ ಒಡವೆ ಎಂಬುದು ಜ್ಞಾನರತ್ನ." ಇಡೀ ಮಾತು ನಡೆಯುತ್ತಿರುವುದು ಯಾವುದು ಬೆಲೆಬಾಳುತ್ತದೆ ಅನ್ನುವುದರ ಮೇಲಲ್ಲ, ಯಾವುದು ಯಾರದು ಅನ್ನುವುದರ ಮೇಲೆ. ಒಡವೆಗೆ ಇಲ್ಲಿ ಆಭರಣ ಅನ್ನುವ ಅರ್ಥ ಮಾತ್ರ ಹಿಡಿದರೆ ಸಾಲು ಮುಗ್ಗರಿಸುತ್ತದೆ. ಹೇಮ, ಅಂದರೆ ಚಿನ್ನ, ನಿನ್ನದಲ್ಲ ಅಂತ ಆಗಲೇ ಹೇಳಿ ಆಗಿದೆಯಲ್ಲ. "ನಿನಗೆ ಸೇರಿದ್ದು" ಅಂತ ಓದಿ, ಆಗ ಸಲೀಸು: ಅವು ಯಾವುವೂ ನಿನ್ನವಲ್ಲ, ನಿನ್ನದು ಅನ್ನುವುದು ಒಂದೇ, ಅರಿವು.

ಆದರೆ ಅಲ್ಲಮ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಜ್ಞಾನಕ್ಕೆ ರತ್ನ ಅಂದರು. ಮುಂದಿನ ಸಾಲಿನಲ್ಲಿ ಆ ರತ್ನವನ್ನು ನೀನು "ಅಲಂಕರಿಸಿದೆಯಾದಡೆ" ಅಂದರು. ಅಂದರೆ ತೊಡುವ ಒಡವೆಯ ಅರ್ಥವೂ ಅವರ ಕಿವಿಯಲ್ಲಿ ಗುಂಯ್ಗುಡುತ್ತಿತ್ತು. ಒಂದೇ ಮಾತಿನಲ್ಲಿ ಎರಡು ಅರ್ಥ: ನಿನ್ನ ಸ್ವತ್ತು ಇದು, ನೀನು ತೊಡಬೇಕಾದದ್ದೂ ಇದು. 12ನೇ ಶತಮಾನದಲ್ಲಿ ಈ ಎರಡೂ ಅರ್ಥ ಜನರಿಗೆ ಗೊತ್ತಿದ್ದವು ಅನ್ನುವುದಕ್ಕೆ ಈ ವಚನಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣದು. ಇಂದಿನ ಓದುಗರಿಗೆ ಒಂದೇ ಅರ್ಥ ಕೇಳಿಸುವುದರಿಂದ ವಚನದ ಅರ್ಧ ರುಚಿ ಹೋಗುತ್ತದೆ. ನಿಮಗೆ ಅನುಮಾನ ಬಂದದ್ದು ಅದಕ್ಕೇ, ಒಳ್ಳೆಯದೇ ಆಯಿತು.

ತಮಿಳಿನ ತಿರುಕ್ಕುರಳ್ ಬಲ್ಲವರಿಗೆ ಇಲ್ಲಿ ಇನ್ನೊಂದು ನೆನಪು ಬರಬೇಕು. ಅದರ ಹಲವು ಅಧಿಕಾರಗಳ, ಅಂದರೆ ಅಧ್ಯಾಯಗಳ, ಹೆಸರೇ ಉಡೈಮೈಯಿಂದ ಮುಗಿಯುತ್ತವೆ. ಪ್ರೀತಿ ಇರುವುದು ಅನ್ಬುಡೈಮೈ, ಅರಿವು ಇರುವುದು ಅಱಿವುಡೈಮೈ. ಅಲ್ಲಿ ಉಡೈಮೈ ಗುಣಗಳಿಗೆ ಸಲ್ಲುತ್ತದೆ. ಹೊಲ, ಹಣ ಇದ್ದಂತೆ ಪ್ರೀತಿಯೂ ಅರಿವೂ ಒಬ್ಬನಿಗೆ "ಇರುವ" ಸಂಗತಿ. ಒಂದರಿಂದ ಇನ್ನೊಂದು ಬಂತು ಅಂತ ನಾನು ಹೇಳುತ್ತಿಲ್ಲ. ಆದರೆ ಅರಿವನ್ನು ಒಡವೆ ಅಂದದ್ದು ಬರೀ ಚಮತ್ಕಾರ ಅಲ್ಲ, ಆ ಮಾತಿಗೆ ಅಷ್ಟು ಅಗಲ ಮೊದಲೇ ಇತ್ತು.

ಇನ್ನು ನೀವು ಕೇಳದೇ ಇದ್ದರೂ ಕೇಳಲೇಬೇಕಾದ ಪ್ರಶ್ನೆ: ಅಷ್ಟು ಅಗಲವಾಗಿದ್ದ ಮಾತು ಬಳೆ, ಸರಕ್ಕೆ ಇಳಿದದ್ದು ಯಾಕೆ?

ಅರ್ಥ ಕಿರಿದಾಗುವುದು ಹೊಸತಲ್ಲ. ಸೀರೆ ಅಂದರೆ ಹಿಂದೆ ಯಾವುದೇ ಬಟ್ಟೆ, ಈಗ ಹೆಂಗಸರು ಉಡುವುದು ಮಾತ್ರ. ಉಲ್ಟಾ ಆಗಿದ್ದೂ ಉಂಟು. ಎಳ್ಳಿನ ನೆಯ್ ಎಣ್ಣೆ, ಈಗ ಕಡಲೆಕಾಯಿಯದೂ ಎಣ್ಣೆ, ಸೀಮೆಯದೂ ಎಣ್ಣೆ. ಆದರೆ "ಹೀಗೂ ಆಗುತ್ತೆ" ಅಂದರೆ ಕಾರಣ ಹೇಳಿದಂತಾಗಲಿಲ್ಲ. ಒಡವೆಯ ವಿಷಯದಲ್ಲಿ ನನಗೆ ಎರಡು ಕಾರಣ ಕಾಣುತ್ತವೆ. ಇದು ನನ್ನ ಅಂದಾಜು, ಆದರೆ ಸುಮ್ನೆ ಗಾಳಿಯಲ್ಲಿ ಕಟ್ಟಿದ್ದಲ್ಲ.

ಒಂದು, ಕಚೇರಿ ಮಾತು. ಭೂಮಿ, ಮನೆಯ ಲೆಕ್ಕ ದಫ್ತರಕ್ಕೆ ಹೋದಂತೆಲ್ಲ ಹೊರಗಿನ ಪದಗಳು ಬಂದು ಕೂತವು. ಸಂಸ್ಕೃತದ "ಅಸ್ತಿ", ಅಂದರೆ "ಇದೆ", ನಮ್ಮಲ್ಲಿ ಆಸ್ತಿಯಾಯಿತು. ಸಂಸ್ಕೃತದಲ್ಲಿ "ಸ್ವ" ಅಂದರೆ ತನ್ನದು, ಅದರಿಂದ ಸ್ವತ್ತು, ಸೊತ್ತು. (ಸಿನಿಮಾದಲ್ಲಿ "ನೀನೇ ನನ್ನ ಸರ್ವಸ್ವ" ಅನ್ನುವ ನಾಯಕ, ಅಕ್ಷರಶಃ ನೋಡಿದರೆ, ನೀನೇ ನನ್ನ ಎಲ್ಲ ಆಸ್ತಿ ಅನ್ನುತ್ತಿದ್ದಾನೆ.) ಪಾರಸಿಯಿಂದ ಜಮೀನು ಬಂತು. ಬದುಕು ಅನ್ನುವ ಅರ್ಥದ ಪಾರಸಿಯ "ಜಿಂದಗಿ" ಕೂಡ ಹಳೆಯ ಪತ್ರಗಳಲ್ಲಿ ಆಸ್ತಿಯ ಅರ್ಥದಲ್ಲಿ ಸಿಗುತ್ತದೆ. ಈಗಂತೂ ಪಂಚಾಯಿತಿಯಲ್ಲಿ "ಇ-ಸ್ವತ್ತು" ಇದೆ, ಚುನಾವಣೆಗೆ ನಿಂತವರು "ಚರಾಸ್ತಿ, ಸ್ಥಿರಾಸ್ತಿ" ಘೋಷಿಸುತ್ತಾರೆ. ಇ-ಒಡವೆ ಅಂತ ಯಾರಾದರೂ ಹೆಸರಿಟ್ಟಿದ್ದರೆ ಜನ ಗಿರವಿ ಅಂಗಡಿಯ ಹೊಸ ಆ್ಯಪ್ ಅಂದುಕೊಳ್ಳುತ್ತಿದ್ದರು. ಹೀಗೆ ಹೊಲ, ಮನೆ, ನಿವೇಶನಗಳನ್ನು ಈ ಪದಗಳು ಹಂಚಿಕೊಂಡವು. ಒಡವೆಗೆ ಕಚೇರಿಯಲ್ಲಿ ಜಾಗ ಉಳಿಯಲಿಲ್ಲ.

ಎರಡನೆಯದು ಇನ್ನೂ ಮುಖ್ಯ. ಒಡವೆ ಮನೆಯೊಳಗೆ ಉಳಿಯಿತು. ಮನೆಯೊಳಗೆ "ಇದು ನನ್ನದು" ಅಂತ ಗಟ್ಟಿಯಾಗಿ ಹೇಳಬೇಕಾಗಿ ಬಂದದ್ದು ಯಾರಿಗೆ? ಹೆಂಗಸರಿಗೆ. ಹೊಲ ಗಂಡುಮಕ್ಕಳಿಗೆ ಹೋಗುತ್ತಿತ್ತು. ಮನೆ ಗಂಡನದೋ ಮಾವನದೋ. ಹೆಣ್ಣಿಗೆ ತನ್ನದು ಅಂತ ಇದ್ದದ್ದು ತವರಿನವರು ಹಾಕಿದ್ದು, ಮದುವೆಯಲ್ಲಿ ಬಂದದ್ದು. ಅದರಲ್ಲಿ ಜಾಸ್ತಿ ಪಾಲು ಮೈಮೇಲಿನ ಚಿನ್ನ, ಬೆಳ್ಳಿ. ಒಡೆತನದ ಹೆಸರೇ ಆ ವಸ್ತುವಿನ ಹೆಸರಾಗಿ ನಿಂತಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ನಿಜಕ್ಕೂ ಸ್ವಾರಸ್ಯದ ಸಂಗತಿ ಇದೆ. ಹೆಣ್ಣಿನ ಸ್ವತ್ತಿಗೆ ಧರ್ಮಶಾಸ್ತ್ರಗಳು ಇಟ್ಟ ಹೆಸರು ಸ್ತ್ರೀಧನ. ಯಾಜ್ಞವಲ್ಕ್ಯಸ್ಮೃತಿ ಅದರ ಪಟ್ಟಿ ಕೊಡುತ್ತದೆ: ಅಪ್ಪ, ಅಮ್ಮ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಸಿಕ್ಕಿದ್ದು, ಗಂಡ ಇನ್ನೊಂದು ಮದುವೆ ಮಾಡಿಕೊಂಡಾಗ ಮೊದಲ ಹೆಂಡತಿಗೆ ಕೊಟ್ಟದ್ದು, "ಇತ್ಯಾದಿ". ಈ ಸ್ಮೃತಿಗೆ ಮಿತಾಕ್ಷರಾ ಅನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ರಾಜ ಪಟ್ಟಕ್ಕೆ ಬಂದದ್ದು 1076ರಲ್ಲಿ. ವಿಜ್ಞಾನೇಶ್ವರ ಆ "ಇತ್ಯಾದಿ"ಯನ್ನು ಹಿಡಿದುಕೊಂಡ. ಅದರೊಳಗೆ ಹೆಣ್ಣಿಗೆ ವಾರಸುದಾರಿಕೆಯಿಂದ ಬಂದದ್ದು, ಅವಳು ಕೊಂಡದ್ದು, ಪಾಲಿನಲ್ಲಿ ಬಂದದ್ದು, ಎಲ್ಲ ಸೇರುತ್ತದೆ ಅಂದ. ಅವನ ವಾದ ಏನು ಗೊತ್ತಾ? ಸ್ತ್ರೀಧನ ಅನ್ನುವುದು ಪದದ ಬಿಡಿಅರ್ಥದಲ್ಲೇ ಇದೆ, ಅದಕ್ಕೆ ಶಾಸ್ತ್ರದ ಬೇರೆ ಪಾರಿಭಾಷಿಕ ಅರ್ಥ ಹಚ್ಚಬಾರದು. ಸ್ತ್ರೀಯ ಧನ ಯಾವುದೆಲ್ಲವೋ ಅದೆಲ್ಲ ಸ್ತ್ರೀಧನ, ಮುಗಿಯಿತು.

ಆಸ್ತಿಯ ಹಕ್ಕನ್ನು ಒಂದು ಪದದ ನಿಷ್ಪತ್ತಿಯ ಮೇಲೆ ನಿಲ್ಲಿಸಿದ ಪಂಡಿತ ಅವನು. ಅವನಾದ ಕೆಲವು ದಶಕಗಳಿಗೆ ಅದೇ ಕಲ್ಯಾಣಕ್ಕೆ, ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ, ಅಲ್ಲಮಪ್ರಭುಗಳು ಬಂದರು. ಒಡವೆ ಅನ್ನುವ ಮಾತಿನ ಮೂಲ ಅರ್ಥವನ್ನು ಕೈಗೆತ್ತಿಕೊಂಡು "ನಿನ್ನದು ಯಾವುದು?" ಅಂತ ಕೇಳಿದರು. ಒಬ್ಬರು ಶಾಸ್ತ್ರದ ಸಂಸ್ಕೃತದಲ್ಲಿ, ಇನ್ನೊಬ್ಬರು ಆಡುವ ಕನ್ನಡದಲ್ಲಿ. ಇಬ್ಬರ ದಾರಿ ಬೇರೆ, ಉದ್ದೇಶ ತೀರಾ ಬೇರೆ. ಆದರೂ ಒಂದೇ ಊರು, ಹತ್ತಿರಹತ್ತಿರದ ಕಾಲ.

ವಿಜ್ಞಾನೇಶ್ವರನ ಮಾತು ಪುಸ್ತಕದಲ್ಲಿ ಉಳಿಯಿತು, ನಡಾವಳಿಯಲ್ಲಿ ಅಷ್ಟಾಗಿ ಉಳಿಯಲಿಲ್ಲ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಬಹುಪಾಲು ಕಡೆ ಅವನ ಅಗಲವಾದ ಅರ್ಥವನ್ನು ಒಪ್ಪಲಿಲ್ಲ. ಹೆಣ್ಣಿಗೆ ವಾರಸುದಾರಿಕೆಯಿಂದ ಬಂದ ಆಸ್ತಿ ಅವಳು ಬದುಕಿರುವ ತನಕ ಅನುಭವಿಸಲು ಮಾತ್ರ ಅಂದವು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯಿದೆ ತಂದಿತ್ತು. ದೇಶಕ್ಕೆಲ್ಲ ಅನ್ವಯಿಸುವಂತೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಸ್ವತ್ತಿಗೆ ಪೂರ್ತಿ ಒಡೆತನ ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕ ತಿದ್ದುಪಡಿ ಮಾಡಿದ್ದು 1994ರಲ್ಲಿ, ಕೇಂದ್ರ ಮಾಡಿದ್ದು 2005ರಲ್ಲಿ. ಅಲ್ಲಿಯವರೆಗೆ ಎಷ್ಟೋ ಹೆಂಗಸರ ಪಾಲಿಗೆ ಕೈಗೆ ಸಿಗುವ ಸ್ವತ್ತು ಅಂದರೆ ಪೆಟ್ಟಿಗೆಯೊಳಗಿನ ಚಿನ್ನವೇ.

ಪುರಂದರದಾಸರ ಮೂಗುತಿಯ ಕತೆ ಎಲ್ಲರಿಗೂ ಗೊತ್ತು. ಅದನ್ನು ಒಮ್ಮೆ ಒಡೆತನದ ಕಣ್ಣಿನಿಂದ ನೋಡಿ. ಕಡುಲೋಭಿಯಾಗಿದ್ದ ಶ್ರೀನಿವಾಸ ನಾಯಕ ಕೈಬಿಚ್ಚಿ ಏನೂ ಕೊಡುವುದಿಲ್ಲ. ಬೇಡಲು ಬಂದ ಬಡ ಬ್ರಾಹ್ಮಣನಿಗೆ ಅವನ ಹೆಂಡತಿ ಕೊಟ್ಟದ್ದು ಮೂಗುತಿ. ಕಡಗೋಲೋ ಅಕ್ಕಿಯೋ ಹಣವೋ ಅಲ್ಲ. ಯಾಕೆ ಮೂಗುತಿ? ಅದು ತವರಿನಿಂದ ಬಂದದ್ದು. ಗಂಡನನ್ನು ಕೇಳದೆ ಕೊಡಬಹುದಾದ ಒಂದೇ ವಸ್ತು ಅದು. ಅಷ್ಟಾದರೂ, ಗಂಡ ಕೇಳಿದಾಗ ಹೆದರಿ ವಿಷ ಕುಡಿಯಲು ಹೋದಳು ಅಂತ ಕತೆ ಹೇಳುತ್ತದೆ. ತನ್ನದೇ ಒಡವೆ, ಆದರೂ ಆ ಹೆದರಿಕೆ. ದಾಸರಿಗೆ ವೈರಾಗ್ಯ ಬಂದದ್ದನ್ನೇ ನಾವು ನೆನಪಿಡುತ್ತೇವೆ, ಈ ಭಾಗವನ್ನು ಬೇಗ ದಾಟಿಬಿಡುತ್ತೇವೆ.

ಈಗಲೂ ಈ ಜಗಳ ಮುಗಿದಿಲ್ಲ. "ಹುಡುಗಿಗೆ ಎಷ್ಟು ಒಡವೆ ಹಾಕಿದರು?" ಅಂತ ಕೇಳುವವರು ಇದ್ದಾರೆ. ಸಂಬಂಧ ಕೆಟ್ಟಾಗ "ತವರಿನವರು ಹಾಕಿದ್ದು ಯಾವುದು, ಗಂಡನ ಮನೆಯವರು ಹಾಕಿದ್ದು ಯಾವುದು" ಅಂತ ಪಟ್ಟಿ ಮಾಡುತ್ತಾರೆ. ಸ್ತ್ರೀಧನ ಹೆಂಡತಿಯದೇ, ಗಂಡನ ಮನೆಯವರ ಕೈಯಲ್ಲಿ ಇಟ್ಟಿದ್ದರೂ ಅದು ನಂಬಿ ಇಟ್ಟದ್ದು ಮಾತ್ರ, ಅವರದಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಿದೆ.

ಒಡವೆಯಲ್ಲಿ ಸ್ವತ್ತಿನ ಹಳೆಯ ಅರ್ಥ ಕಣ್ಣಿಗೆ ಕಾಣಬೇಕು ಅಂದರೆ ಕಾಸಿನಸರವನ್ನು ಹತ್ತಿರದಿಂದ ನೋಡಬೇಕು. ಹೆಸರಲ್ಲೇ ದುಡ್ಡಿದೆ. ಇಂದಿನವು ತೆಳು ಚಿನ್ನದ ತಗಡಿನವು. ಅಚ್ಚಿನಲ್ಲಿ ಒತ್ತಿ ಲಕ್ಷ್ಮಿಯ ಚಿತ್ರ ಮೂಡಿಸಿ, ಅಂಚಿಗೆ ಪುಟ್ಟ ಕೊಂಡಿ ಬೆಸೆದು, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ ಪೋಣಿಸುತ್ತಾರೆ. ಹಳೆಯ ಮನೆಗಳಲ್ಲಿ ನಿಜವಾದ ನಾಣ್ಯಗಳಿಗೇ ಕೊಂಡಿ ಹಾಕಿದ ಸರಗಳಿವೆ, ಒಂದು ಮಗ್ಗುಲಲ್ಲಿ ರಾಜನ ತಲೆ. ಬ್ರಿಟಿಷರ ಚಿನ್ನದ ಸವರನ್ ನಾಣ್ಯ ಹತ್ತಿರಹತ್ತಿರ 8 ಗ್ರಾಂ ತೂಗುತ್ತಿತ್ತು. ನಾಣ್ಯ ಹೋಯಿತು, ತೂಕದ ಹೆಸರು ಉಳಿಯಿತು. ಇವತ್ತಿಗೂ ಚಿನ್ನದಂಗಡಿಯಲ್ಲಿ ಅಜ್ಜಿಯರು "ಎಷ್ಟು ಸವರನ್ ಬಂತು?" ಅಂತಲೇ ಕೇಳುವುದು, ಲೆಕ್ಕ 8 ಗ್ರಾಮಿನದೇ. ಕೊಡಗಿನ ಪತ್ತಾಕ್‌ನಲ್ಲೂ ಹಾಗೆಯೇ, ಪದಕದ ನಡುವೆ ಒಂದು ಚಿನ್ನದ ನಾಣ್ಯ, ಸುತ್ತ ಕೆಂಪು ಹರಳು, ಮೇಲೆ ನಾಗನ ಹೆಡೆ. ಇಂಥದನ್ನು ಅಲಂಕಾರ ಅನ್ನುವುದಕ್ಕಿಂತ ಕೊರಳಿಗೆ ಹಾಕಿಕೊಂಡ ಉಳಿತಾಯ ಅನ್ನಬೇಕು. ಮಗಳ ಓದಿಗೋ ಮನೆಯವರ ಕಾಯಿಲೆಗೋ ಬೇಕಾದಾಗ ಮೊದಲು ಗಿರವಿಗೆ ಹೋಗುವುದು ಇದೇ.

ಬೇರೆ ಕಡೆಯ ಬಳಕೆಯನ್ನೂ ಒಂದು ಮಾತು ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕದಲ್ಲಿ ಆಭರಣಕ್ಕೆ ದಾಗಿನ ಅನ್ನುವವರು ಜಾಸ್ತಿ, ಅದು ಮರಾಠಿಯ ನಂಟು. "ಒಡವಿ ವಸ್ತ" ಅಂತ ಜೋಡಿಸಿ ಹೇಳುವುದೂ ಇದೆ. ಹಳೇ ಮೈಸೂರಿನ ಕಡೆಯ "ಒಡವೆ ವಸ್ತು" ಅದರ ಜೋಡಿ. ಈ ಜೋಡಿಮಾತನ್ನು ಗಮನಿಸಿ, ವಸ್ತು ಅಂದರೆ ಬರೀ ಸಾಮಾನು, ಆದರೂ ಈ ಜೋಡಿಯಲ್ಲಿ ಅದೂ ಚಿನ್ನವೇ ಆಗಿಬಿಟ್ಟಿದೆ. ಪತ್ರಿಕೆಯವರಿಗೆ ಕಳ್ಳತನ ಆದರೆ "ನಗನಾಣ್ಯ", ಇಲ್ಲವೇ "ಚಿನ್ನಾಭರಣ". ಅಚ್ಚಗನ್ನಡದ ಚಿನ್ನಕ್ಕೆ ಸಂಸ್ಕೃತದ ಆಭರಣ ಅಂಟಿಸಿ ಸಂಧಿ ಬೇರೆ ಮಾಡಿದ್ದಾರೆ. ಇಂಥ ಬೆರಕೆ ಸಮಾಸದ, ಅಂದರೆ ಅರಿಸಮಾಸದ, ಬಗ್ಗೆ ಕಟ್ಟುನಿಟ್ಟಾಗಿದ್ದ ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಇದನ್ನು ಓದಿದ್ದರೆ ಪೇಪರು ನಿಲ್ಲಿಸುತ್ತಿದ್ದ.

ಒಡವೆಗೆ ತೀರಾ ಹತ್ತಿರದ ಇನ್ನೊಂದು ಕತೆ ದನದ್ದು. ಕೊಟ್ಟಿಗೆಯಲ್ಲಿ ಕಟ್ಟುವ ದನ ಸಂಸ್ಕೃತದ ಧನದಿಂದ ಬಂದದ್ದು. ಸಂಪತ್ತು ಅಂದರೆ ಹಸು, ಎತ್ತು ಅನ್ನುವ ಕಾಲವಿತ್ತು. ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ಕರ್ನಾಟಕದ ಉದ್ದಕ್ಕೂ ನಿಂತಿವೆ. ತಮಿಳಿನಲ್ಲಿ "ಮಾಡು" ಅಂದರೆ ದನ, ಅದೇ ಮಾತನ್ನು ತಿರುಕ್ಕುರಳ್ ಸಂಪತ್ತು ಅನ್ನುವ ಅರ್ಥದಲ್ಲಿ ಬಳಸಿದೆ. ಕಲಿಕೆಯೇ ಕೆಡದ ಸಂಪತ್ತು, ಮಿಕ್ಕದ್ದು "ಮಾಡು" ಅಲ್ಲ ಅಂತ. ಹೀಗೆ ಒಂದು ಕಡೆ ಒಡೆತನದ ಮಾತು ಕೊಟ್ಟಿಗೆಗೆ ಹೋಯಿತು, ಇನ್ನೊಂದು ಕಡೆ ಪೆಟ್ಟಿಗೆಗೆ ಹೋಯಿತು. ನಮ್ಮ "ಬದುಕು" ಕೂಡ ಹಳ್ಳಿಯ ಮಾತಿನಲ್ಲಿ ಮನೆಯ ಸ್ವತ್ತು, ಸರಂಜಾಮು ಅನ್ನುವ ಅರ್ಥ ಕೊಡುತ್ತದೆ. "ಬದುಕೆಲ್ಲ ಮಾರಿಕೊಂಡ" ಅಂದರೆ ಇದ್ದಬದ್ದದ್ದೆಲ್ಲ ಮಾರಿಕೊಂಡ ಅಂತ.

ದೇವರ ಒಡವೆಗೆ ಒಡೆಯ ಯಾರು ಅಂತ ಕೇಳಿದರೆ ಉತ್ತರ ಇನ್ನೂ ಗಟ್ಟಿ. ಶಾಸನಗಳ ಕೊನೆಯ ಶಾಪವಾಕ್ಯಗಳಲ್ಲಿ ದೇವಸ್ವ, ಬ್ರಹ್ಮಸ್ವ ಅನ್ನುವ ಮಾತುಗಳು ಬರುತ್ತವೆ, ಅಂದರೆ ದೇವರಿಗೆ ಸೇರಿದ್ದು, ಬ್ರಾಹ್ಮಣರಿಗೆ ಸೇರಿದ್ದು. ಕದ್ದರೆ ಅದೇ ವಿಷ. ಮೇಲುಕೋಟೆಯ ವೈರಮುಡಿ ನೋಡಿ. ಆ ಕಿರೀಟ ದೇವರದು, ಆದರೆ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಬರುತ್ತದೆ, ರಾತ್ರಿ ಚೆಲುವನಾರಾಯಣನ ತಲೆಗೇರುತ್ತದೆ, ಮತ್ತೆ ಖಜಾನೆಗೆ ವಾಪಸ್. ಇಟ್ಟುಕೊಂಡವರು ಒಬ್ಬರು, ಒಡೆಯ ಇನ್ನೊಬ್ಬ. ಆ ಉತ್ಸವಮೂರ್ತಿಯ ಇನ್ನೊಂದು ಹೆಸರು ಸಂಪತ್ಕುಮಾರ ಅನ್ನುವುದು ಕಾಕತಾಳೀಯ ಅಷ್ಟೆ, ಆದರೂ ಹೇಳದೆ ಇರಲು ಮನಸ್ಸಾಗಲಿಲ್ಲ.

ಕೊನೆಗೆ ನಿಮ್ಮ ವಡವೆ. ಬರೆಯುವಾಗ ಒಡವೆ ಅಂತಲೇ ಬರೆಯಿರಿ. ಆಡುವಾಗ ಹೇಗೆ ಬೇಕಾದರೂ ಆಡಿ. ಮಾತಿನ ಮೊದಲಿಗೆ ಬರುವ ಒಕಾರದ ಹಿಂದೆ ಸಣ್ಣದೊಂದು ವಕಾರ ನುಸುಳುವುದು ಕನ್ನಡದ ಬಾಯಿಗೆ ಸಹಜ. ಒಂದು ವೊಂದಾಗುತ್ತದೆ, ಓಲೆ ವಾಲೆಯಾಗುತ್ತದೆ. ಎಕಾರಕ್ಕೆ ಯಕಾರ ಬರುತ್ತದಲ್ಲ, ಎಲ್ಲಿ ಅನ್ನುವುದು "ಯೆಲ್ಲಿ" ಅಂತ ಕೇಳುತ್ತದಲ್ಲ, ಹಾಗೆ. ನಿಮ್ಮ ಮನೆಯವರದು ತಪ್ಪು ಅನ್ನುವವರಿಗೆ ಮೈಸೂರು ಒಡೆಯರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿ. ಅದರ ಮೊದಲ ಅಕ್ಷರ ಓ ಅಲ್ಲ, ಡಬ್ಲ್ಯು.